9ನೇ ಶತಮಾನದ ಬಿಡಾರದಲ್ಲಿ ಶೇಂಗಾ ಹಿಂಡಿ ಸಿಗೋದಿಲ್ಲ

ಶಹಾಬಾದದ ಪರಸಿ ಗಣಿಗಳನ್ನು ದಾಟಿ ಸೇಡಂ ತಾಲ್ಲೂಕಿನ ಮಳಖೇಡ ಮುಟ್ಟಿದರೆ, ಕಾಗಿಣಾ ದಂಡೆಯ ಮೇಲೆ ಇದೇ ಸೀಮೆಯ ಕಲ್ಲಿನ ಕೋಟೆ. ಇದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ.

ಇಲ್ಲಿ ರಾಷ್ಟ್ರಕೂಟ ಉತ್ಸವ ನಡೆದದ್ದುಂಟು. ವೇದಿಕೆ, ಭಾಷಣ, ಸನ್ಮಾನ ಎಲ್ಲ ಸರಿ. ಅದರ ಜೊತೆಗೇ ಅಮೋಘವರ್ಷ ನೃಪತುಂಗನ ಕಾಲದ ಒಂದು ಬಿಡಾರ ಹೂಡಿದರೆ? ಬ್ರಿಟನ್ನಿನ ಸೀಲ್ಡ್ ನಾಟ್ ಸಂಘದ ಸ್ವಯಂಸೇವಕರು 1968ರಿಂದ ಮಾಡುತ್ತಿರುವುದು ಇಂಥದ್ದನ್ನೇ: 17ನೇ ಶತಮಾನದ ಉಡುಪು ತೊಟ್ಟು ಅಂದಿನ ಸೈನಿಕರ ಬದುಕನ್ನು ಜನರಿಗೆ ತೋರಿಸುತ್ತಾರೆ.

ಕೆಲಸ ಶುರುವಾಗುವುದು ಒಲೆಯಿಂದ. ಜೋಳದ ರೊಟ್ಟಿ ಇರಲಿ, ತೊಗರಿ ಬೇಳೆ ಇರಲಿ, ಎಳ್ಳಿನ ಪುಡಿಯೂ ಇರಲಿ. ಆದರೆ ಕೆಂಪು ಖಾರ, ಶೇಂಗಾ ಹಿಂಡಿ, ಟೊಮೆಟೊ, ಆಲೂಗಡ್ಡೆ ಬಂದ್! ಇವೆಲ್ಲ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರು ಕಾಲಿಟ್ಟ ಮೇಲಷ್ಟೇ ಇತ್ತ ಬಂದವು. ಖಾರಕ್ಕೆ ಕರಿಮೆಣಸೇ ಗತಿ. ಸೇಡಂ ಸೀಮೆಯ ನಾಲಿಗೆಗೆ ಇದು ಕಠಿಣ ಪರೀಕ್ಷೆಯೇ.

ಪಕ್ಕದ ಚಾಪೆಯ ಮೇಲೆ ತಾಳೆಗರಿ. ಸ್ವಯಂಸೇವಕಿ ಕಂಟದಿಂದ ಅಕ್ಷರ ಕೊರೆಯುತ್ತಾಳೆ. ಗರಿ ಖಾಲಿಯಂತೆಯೇ ಕಾಣುತ್ತದೆ. ಎಣ್ಣೆಯಲ್ಲಿ ಕಲಸಿದ ಮಸಿ ಸವರಿ, ಬಟ್ಟೆಯಿಂದ ಒರೆಸಿದಾಗ ಕಪ್ಪು ಸಾಲುಗಳು ಎದ್ದು ಬರುತ್ತವೆ. ಮಕ್ಕಳು ಮುಗಿಬೀಳುವುದು ಇಲ್ಲೇ. ಕವಿರಾಜಮಾರ್ಗ, ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಎರಡೂ ಈ ಅರಸನ ಕಾಲದವು ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಇನ್ನು ಕಲ್ಲು ಸೀಳುವುದನ್ನು ತೋರಿಸಲು ಶಹಾಬಾದ, ಚಿತ್ತಾಪುರದ ಕಲ್ಲುಕುಟಿಗರಿಗಿಂತ ಗುರು ಬೇರೆ ಯಾರು? ಅವರಿಗೂ ನಿಯಮ ಒಂದೇ: ಕೈಗಡಿಯಾರ, ಮೊಬೈಲು ಎರಡೂ ಡೇರೆಯೊಳಗೆ.