ಗಲ್ಫ್‌ಗೆ ಹೊರಡುವ ಮುನ್ನ: ಸರ್ಟಿಫಿಕೇಟಿಗೆ ಎಲ್ಲೆಲ್ಲಿ ಮುದ್ರೆ ಬೀಳಬೇಕು?

ನಮ್ಮ ವಿದ್ಯಾರ್ಥಿವೇತನ ಪಡೆದು ಓದಿದ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಮಕ್ಕಳಲ್ಲಿ ಹಲವರು ಉದ್ಯೋಗಕ್ಕೆಂದು ಗಲ್ಫ್‌ಗೆ ಹೊರಡುತ್ತಾರೆ. ಆಗ ಪೋಷಕರು ನಮ್ಮಲ್ಲಿ ಕೇಳುವುದು: "ಮಾಸ್ಟ್ರೇ, ಸರ್ಟಿಫಿಕೇಟಿಗೆ ನೋಟರಿಯ ಸೀಲ್ ಹಾಕಿಸಿದರೆ ಸಾಕಲ್ವಾ?"

ಸಾಲದು. ಬೆಳ್ತಂಗಡಿಯ ನೋಟರಿಯ ಸಹಿ ದುಬೈಯ ಅಧಿಕಾರಿಗೆ ಗುರುತಿಲ್ಲ. ಆದ್ದರಿಂದ ಕೆಳಗಿನವರ ಸಹಿಯನ್ನು ಮೇಲಿನವರು ದೃಢೀಕರಿಸುತ್ತಾ ಹೋಗಬೇಕು. ಮೊದಲು ರಾಜ್ಯ ಸರ್ಕಾರ: ಅಂಕಪಟ್ಟಿ, ಪದವಿ ಪತ್ರಗಳಿಗೆ ಶಿಕ್ಷಣ ಇಲಾಖೆ, ಜನನ, ವಿವಾಹ ಪ್ರಮಾಣಪತ್ರಗಳಿಗೆ ಗೃಹ ಇಲಾಖೆ. ಬಳಿಕ ಕೇಂದ್ರದ ವಿದೇಶಾಂಗ ಸಚಿವಾಲಯ. ಇದರ ಸೇವೆ 2019ರಿಂದ ಬೆಂಗಳೂರಿನಲ್ಲೂ ಸಿಗುತ್ತಿದೆ.

ಮುಂದಿನ ಹೆಜ್ಜೆ ಹೋಗುವ ದೇಶವನ್ನು ಹೊಂದಿಕೊಂಡಿದೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಚಿವಾಲಯದ 'ಅಪೋಸ್ಟಿಲ್' ಚೀಟಿ ಸಾಕು. ಭಾರತದಲ್ಲಿ ಇದು 2005ರಿಂದ ಜಾರಿಯಲ್ಲಿದೆ. ಒಮಾನ್, ಬಹರೈನ್ ಈ ಒಪ್ಪಂದದಲ್ಲಿವೆ; ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಅನ್ವಯವಾಗುತ್ತಿದೆ. ಯುಎಇ, ಕುವೈತ್‌ಗಳಿಗಾದರೆ ಆ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಮುದ್ರೆಯೂ ಬೇಕು. ಕೆಲವು ದೇಶಗಳು ನಮ್ಮಲ್ಲಿ ಗೌರವ ಕಾನ್ಸುಲ್‌ಗಳನ್ನು ನೇಮಿಸಿವೆ. ಇವರು ಸಾಮಾನ್ಯವಾಗಿ ಇಲ್ಲಿಯೇ ನೆಲೆಸಿ ಸಂಬಳವಿಲ್ಲದೆ ಸೇವೆ ಮಾಡುವವರು. ದಾಖಲೆ ದೃಢೀಕರಿಸುವ ಅಧಿಕಾರ ಇವರೆಲ್ಲರಿಗೂ ಇರುವುದಿಲ್ಲ, ವಿಚಾರಿಸಿಯೇ ಹೋಗಿ.

ಆದರೆ ಯಾವ ಮುದ್ರೆಯೂ ಸರಿಪಡಿಸಲಾಗದ ತಪ್ಪೊಂದಿದೆ: ಹೆಸರಿನ ವ್ಯತ್ಯಾಸ. ಅಂಕಪಟ್ಟಿಯಲ್ಲಿ 'ರಹಿಮಾನ್', ಪಾಸ್‌ಪೋರ್ಟಿನಲ್ಲಿ 'ರೆಹಮಾನ್'. ಇದರಲ್ಲಿ ನಮ್ಮಂಥ ಶಿಕ್ಷಕರ ಪಾಲೂ ಇದೆ. ಶಾಲೆಗೆ ಸೇರಿಸುವ ದಿನ ಅಜ್ಜನೋ ಮಾವನೋ ಹೇಳಿದ್ದನ್ನು ನಾವು ಕಿವಿಗೆ ಬಿದ್ದಂತೆ ಬರೆದುಕೊಂಡೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅದರ ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆದ. ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರ ಪಾಲಾಯಿತು. ಮನೆಯವರು ನಮ್ಮನ್ನು ದೂರಲಿಲ್ಲ. ನಮಗೆ ಮಾತ್ರ ಅದನ್ನು ಮರೆಯಲಾಗಿಲ್ಲ.

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸುವ ಮೊದಲೇ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕಗಳನ್ನು ತಾಳೆ ನೋಡಿ. ಮೂಲ ಪ್ರಮಾಣಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಮುದ್ರೆ ಬೀಳಬೇಕಾದದ್ದು ಆ ಕಾಗದದ ಮೇಲೆಯೇ. ಏಜೆಂಟರಿಗೆ ಕೊಡುವಾಗ ರಸೀದಿ ಪಡೆಯಿರಿ. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ ಮಾತ್ರ. ಅದಕ್ಕಿಂತ ಹೆಚ್ಚು ಕೇಳಿದರೆ ಯಾವುದಕ್ಕೆಂದು ವಿಚಾರಿಸಿ.

ಈ ಸಲ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಜನನ ಪ್ರಮಾಣಪತ್ರ, ಆಧಾರ್ ಮತ್ತು ಅಂಕಪಟ್ಟಿ ತನ್ನಿ. ನಿಮ್ಮ ಜೊತೆ ಕುಳಿತು ಹೆಸರುಗಳನ್ನು ನಾವೂ ತಾಳೆ ನೋಡುತ್ತೇವೆ. ದಾನಿಗಳ ನೆರವಿನಿಂದ ಪದವಿ ಮುಟ್ಟಿದ ಮಗು ಒಂದು ಅಕ್ಷರದ ದೆಸೆಯಿಂದ ಹಿಂದೆ ಉಳಿಯಬಾರದು.