ಓಮದ ಘಾಟು

ಮಗು ಹೊಟ್ಟೆನೋವೆಂದು ಅತ್ತರೆ ಕನ್ನಡ ನಾಡಿನ ಮನೆಗಳಲ್ಲಿ ಹಿರಿಯರ ಕೈ ಮೊದಲು ಓಮದ ಡಬ್ಬಿಯ ಕಡೆಗೆ ಹೋಗುತ್ತದೆ. ನಾಲ್ಕು ಕಾಳುಗಳನ್ನು ಅಂಗೈಯಲ್ಲಿ ಉಜ್ಜಿದರೆ ಸಾಕು, ಘಾಟು ಮೂಗಿಗೆ ಅಡರುತ್ತದೆ. ಆದರೆ ಗಿಡವು ಈ ಘಾಟನ್ನು ಮನುಷ್ಯನಿಗಾಗಿ ಕೂಡಿಟ್ಟದ್ದಲ್ಲ. ಓಡಿಹೋಗಲಾರದ ಸಸ್ಯಕ್ಕೆ, ತನ್ನನ್ನು ತಿನ್ನಬರುವ ಹುಳುಗಳನ್ನೂ ಕೊಳೆಯಿಸಬರುವ ಸೂಕ್ಷ್ಮಜೀವಿಗಳನ್ನೂ ದೂರವಿಡಲು ಅದೊಂದು ಆಯುಧ.

ಓಮವನ್ನು ನೀರಿನೊಡನೆ ಕುದಿಸಿ, ಏಳುವ ಆವಿಯನ್ನು ತಣಿಸಿದರೆ ನೀರಿನ ಮೇಲೆ ತೈಲವು ತೇಲುತ್ತದೆ. 100 ಗ್ರಾಂ ಕಾಳಿಗೆ ದೊರೆಯುವುದು 2ರಿಂದ 4 ಗ್ರಾಂ ಮಾತ್ರ. ಅದನ್ನು ತಣ್ಣಗಿಟ್ಟರೆ ಬಿಳಿಯ ಹರಳುಗಳು ಕಟ್ಟುತ್ತವೆ. ಇವೇ ಥೈಮಾಲ್. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಭಾರತದ ಓಮವು ಹಡಗುಗಳಲ್ಲಿ ಜರ್ಮನಿಗೆ ಹೋಗುತ್ತಿದ್ದುದು ಈ ಹರಳುಗಳಿಗಾಗಿಯೇ.

ಸುಗಂಧ ತೈಲಗಳು ರೋಗಾಣುಗಳನ್ನು ಕೊಲ್ಲುತ್ತವೆಯೆ ಎಂಬುದನ್ನು ಮೊದಮೊದಲು ಪರೀಕ್ಷಿಸಿದವರಲ್ಲಿ ಲೂಯಿ ಪಾಸ್ತರನ ಸಹೋದ್ಯೋಗಿ ಶಾರ್ಲ್ ಶಾಂಬೆರ್ಲಾಂಡ್ ಒಬ್ಬನು. 1887ರಲ್ಲಿ ಆತನು, ದನಕುರಿಗಳನ್ನು ಕೊಲ್ಲುವ ಅಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯಗಳ ಮೇಲೆ ಅನೇಕ ತೈಲಗಳನ್ನು ಪ್ರಯೋಗಿಸಿ ನೋಡಿದನು. ಅವು ಕೊಲ್ಲುವ ಬಗೆ ತಿಳಿದದ್ದು ಬಹಳ ವರ್ಷಗಳ ಅನಂತರ.

ಬ್ಯಾಕ್ಟೀರಿಯ ಒಂದೇ ಜೀವಕೋಶದ ಜೀವಿ. ಅದರ ಒಳಗಿನದನ್ನು ಒಳಗೇ ಹಿಡಿದಿಡುವುದು ಜಿಡ್ಡಿನಂಶವುಳ್ಳ ಒಂದು ತೆಳುಪೊರೆ. ಥೈಮಾಲ್ ನೀರಿನಲ್ಲಿ ಕರಗುವುದು ಬಹು ಕಡಿಮೆ. ಜಿಡ್ಡಿನಲ್ಲಾದರೋ ಸುಲಭವಾಗಿ ಬೆರೆಯುತ್ತದೆ. ಆದ್ದರಿಂದ ಅದು ನೇರವಾಗಿ ಪೊರೆಯೊಳಕ್ಕೆ ನುಗ್ಗಿ ಅದರ ಹೆಣಿಗೆಯನ್ನು ಸಡಿಲಿಸುತ್ತದೆ. ಒಳಗಿನ ಪೊಟ್ಯಾಸಿಯಂ ಮೊದಲಾದ ಲವಣಾಂಶಗಳು ಒಡಕು ಕೊಡದ ನೀರಿನಂತೆ ಸೋರಿಹೋಗಿ ಬ್ಯಾಕ್ಟೀರಿಯ ಸಾಯುತ್ತದೆ. ಎಲ್ಲವೂ ಹೀಗೆ ಮಣಿಯುವುದಿಲ್ಲ. ಸುಟ್ಟ ಗಾಯಗಳಲ್ಲಿ ಕೀವುಗಟ್ಟಿಸುವ ಸ್ಯೂಡೊಮೊನಾಸ್‌ಗೆ ಹೊರಗೆ ಇನ್ನೊಂದು ಪೊರೆಯ ಕವಚವುಂಟು. ಅದನ್ನು ಭೇದಿಸುವುದು ತೈಲಗಳಿಗೆ ಕಷ್ಟ.

ಇಷ್ಟು ಶಕ್ತಿಯುಳ್ಳ ತೈಲವನ್ನು ರೋಗ ಬಂದಾಗಲೆಲ್ಲ ಚಮಚದಲ್ಲಿ ಕುಡಿಯಬಹುದಲ್ಲವೆ ಎಂದು ಯಾರಿಗಾದರೂ ತೋರಬಹುದು. ಅಪಾಯವಿರುವುದು ಇಲ್ಲಿಯೇ. ಮನುಷ್ಯನ ಜೀವಕೋಶಗಳ ಪೊರೆಯೂ ಜಿಡ್ಡಿನದೇ; ಥೈಮಾಲ್ ಸ್ವಪಕ್ಷ ಪರಪಕ್ಷವೆಂದು ನೋಡುವುದಿಲ್ಲ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಗಳನ್ನು ಕೊಲ್ಲುವುದು ಒಂದು ಮಾತು, ಜೀವಂತ ದೇಹದೊಳಗೆ ಕೊಲ್ಲುವುದು ಇನ್ನೊಂದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈದ್ಯರು ಕರುಳಿನ ಕೊಕ್ಕೆಹುಳುವಿಗೆ ಥೈಮಾಲನ್ನೇ ಮದ್ದಾಗಿ ಕೊಡುತ್ತಿದ್ದರು. ಮದ್ದು ತೆಗೆದುಕೊಂಡ ದಿನ ಎಣ್ಣೆ, ಬೆಣ್ಣೆ, ಮದ್ಯಗಳನ್ನು ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ವಿಧಿಸುತ್ತಿದ್ದರು. ಅವುಗಳಲ್ಲಿ ಕರಗಿದ ಥೈಮಾಲ್ ಕರುಳಿನಿಂದ ರಕ್ತಕ್ಕೆ ಸೇರಿ, ಹುಳುವಿನ ಬದಲು ರೋಗಿಯ ಪ್ರಾಣಕ್ಕೇ ಎರವಾಗುವ ಭಯವಿತ್ತು.

ಹಿರಿಯರು ಮಗುವಿಗೆ ಕೊಡುವ ಚಿಟಿಕೆ ಓಮದಲ್ಲಿರುವ ತೈಲವಾದರೋ ಒಂದು ಹನಿಗಿಂತಲೂ ಕಡಿಮೆ.