ಖಾಲಿ ತೋಟೆಯ ಕಥೆ

ಕೊಡಗಿನಲ್ಲಿ ಹುಟ್ಟಿದವರಿಗೆ ಕೋವಿಯ ಪರಿಚಯವನ್ನು ಯಾರೂ ಮಾಡಿಸಬೇಕಾಗಿಲ್ಲ. ಭಾಗಮಂಡಲದಿಂದ ಘಟ್ಟವಿಳಿದು ಪಾಣತ್ತೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಕರಿಕೆಯಲ್ಲಿಯೂ ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವುದುಂಟು. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುವುದುಂಟು. ಆದರೆ ಗುಂಡು ಹೋದ ಮೇಲೆ ಉಳಿಯುವ ಖಾಲಿ ತೋಟೆಯನ್ನು ಗಮನಿಸುವವರು ವಿರಳ. ಎನ್.ಸಿ.ಸಿ.ಯ ಗುರಿ ಅಭ್ಯಾಸದ ದಿನ ಅವುಗಳನ್ನೆಲ್ಲ ಹೆಕ್ಕಿ, ಎಣಿಸಿ, ಲೆಕ್ಕ ಒಪ್ಪಿಸಬೇಕಾಗಿ ಬಂದಾಗ ನನಗೆ ಈ ವಸ್ತುವಿನಲ್ಲಿ ಕುತೂಹಲ ಹುಟ್ಟಿತು.

ರೈಫಲಿನ ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ 3,000 ಪಟ್ಟನ್ನು ಮೀರುತ್ತದೆ. ಆಗ ತೋಟೆ ಹಿಗ್ಗಿ ನಳಿಗೆಯ ಗೂಡಿಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹಾರಿಸಿದವನ ಮುಖಕ್ಕೆ ಹೊಡೆಯದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗುವುದರಿಂದ ಹೊರಗೆ ಬರುತ್ತದೆ. ಕುಗ್ಗುವುದು ತುಸು ಮಾತ್ರ. ಮೊದಲಿನ ಅಳತೆಗೆ ಅದು ಮರಳುವುದಿಲ್ಲ.

ಅಮೆರಿಕ ಮೊದಲಾದ ದೇಶಗಳ ಗುರಿಕಾರರು ಇಂಥ ತೋಟೆಗೆ ಮತ್ತೆ ಮದ್ದು ತುಂಬುತ್ತಾರೆ. (ನಮ್ಮ ಎನ್.ಸಿ.ಸಿ.ಯ .22 ತೋಟೆ ಇದಕ್ಕೆ ಬಾರದು. ಅದರಲ್ಲಿ ಕಿಡಿಮದ್ದು ಅಂಚಿನೊಳಗೇ ಇರುತ್ತದೆ, ಆ ಅಂಚು ಒಮ್ಮೆ ಜಜ್ಜಿದರೆ ಮುಗಿಯಿತು.) ಕೈಯಿಂದ ಬೋಲ್ಟು ಎಳೆಯುವ ರೈಫಲಾದರೆ ಕೊಂಚ ದಪ್ಪನಾದ ತೋಟೆಯನ್ನೂ ತೋಳಿನ ಬಲದಿಂದ ಒಳಕ್ಕೆ ಒತ್ತಬಹುದು. ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಆ ಕೆಲಸ ಒಂದು ಸ್ಪ್ರಿಂಗಿನದು. ತೋಟೆ ದಪ್ಪವಾಗಿದ್ದರೆ ಬೋಲ್ಟು ಪೂರ್ತಿ ಮುಚ್ಚದೆ ಅರ್ಧದಲ್ಲಿ ನಿಲ್ಲುತ್ತದೆ. ಆದುದರಿಂದ ತೋಟೆಗೆ ಜಿಡ್ಡು ಸವರಿ, ಗಟ್ಟಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ, ಬುಡದಿಂದ ಕುತ್ತಿಗೆಯವರೆಗೂ ಹಿಂದಿನ ಅಳತೆಗೆ ತರಬೇಕು. ಹೆಗಲನ್ನು ಹಿಂದಕ್ಕೆ ತಳ್ಳುವುದು ಅಂಗುಲದ ಸಾವಿರದ ಮೂರು-ನಾಲ್ಕು ಪಾಲಿನಷ್ಟು ಮಾತ್ರ. ಅತಿಯಾಗಿ ತಳ್ಳಿದರೆ ಮುಂದಿನ ಗುಂಡಿಗೆ ತೋಟೆ ಉದ್ದಕ್ಕೆ ಜಗ್ಗಿ, ಬುಡದ ಬಳಿ ಉಂಗುರದಂತೆ ತೆಳ್ಳಗಾಗಿ, ಕೊನೆಗೊಮ್ಮೆ ಅಲ್ಲಿಯೇ ತುಂಡಾಗುತ್ತದೆ. ಅನಿಲವನ್ನು ತಡೆಯಬೇಕಾದದ್ದೇ ಅದಕ್ಕೆ ದಾರಿ ಬಿಟ್ಟಂತಾಗುತ್ತದೆ.

ಹಿಗ್ಗಿಸಿ ಒತ್ತಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ. ಒಳಗೆ ಒಂದು ಬಿಗುವು ಉಳಿಯುತ್ತದೆ. ಈ ಬಿಗುವಿನ ವಿಷಯವನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶದ ಮಳೆಗಾಲವೇ ಎಂಬುದು ನನಗೆ ಬಲು ಸ್ವಾರಸ್ಯವಾಗಿ ಕಂಡಿತು. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ತೋಟೆಗಳನ್ನು ಇಡುತ್ತಿದ್ದರು. ಯಾರೂ ಮುಟ್ಟದೆಯೇ ಅವು ಸೀಳು ಬಿಡುತ್ತಿದ್ದುವು. ಕಾರಣ ಸ್ಪಷ್ಟವಾದುದು 1921ರಲ್ಲಿ: ಕುದುರೆಯ ಮೂತ್ರದಿಂದೇಳುವ ಅಮೋನಿಯ, ತೇವ, ಹಿತ್ತಾಳೆಯೊಳಗಿನ ಬಿಗುವು, ಈ ಮೂರೂ ಕೂಡಿದರೆ ಲೋಹ ಒಡೆಯುತ್ತದೆ. ದನದ ಕೊಟ್ಟಿಗೆಯಲ್ಲಿಯೂ ಅಮೋನಿಯಕ್ಕೆ ಬರವಿಲ್ಲ. ಕರಿಕೆಯಲ್ಲಿ ತೇವಕ್ಕಂತೂ ಇಲ್ಲವೇ ಇಲ್ಲ. ಹನ್ನೆರಡು ಬೋರಿನ ತೋಟೆಗೆ ಈಗ ಪ್ಲಾಸ್ಟಿಕ್ಕಿನ ಮೈ ಬಂದಿದೆ, ನಿಜ. ಆದರೂ ಅಜ್ಜನ ಕಾಲದ ಹಿತ್ತಾಳೆ ತೋಟೆಗಳನ್ನು ಕೊಟ್ಟಿಗೆಯ ಅಟ್ಟದಲ್ಲಿ ಕೂಡಿಟ್ಟವರು ಅವನ್ನು ಬೆಳಕಿಗೆ ಹಿಡಿದು ಕುತ್ತಿಗೆಯಲ್ಲಿ ಕೂದಲೆಳೆಯ ಗೆರೆಯಿದೆಯೇ ಎಂದು ನೋಡಬೇಕು. ಗೆರೆಯಿದ್ದರೆ ಅದು ಗುಜರಿಯವನ ಪಾಲು.

ಬಿಗುವನ್ನು ಕಳೆಯುವ ಉಪಾಯವೂ ಉಂಟು. ಕಾರ್ಖಾನೆಯಲ್ಲಿ ತೋಟೆಯ ಕುತ್ತಿಗೆಯನ್ನು ಮಾತ್ರ ಹದವಾಗಿ ಕಾಯಿಸಿ ಮೆತ್ತಗಾಗಿಸುತ್ತಾರೆ. ಒತ್ತಡ ತಾಳಬೇಕಾದ ಬುಡಕ್ಕೆ ಆ ಶಾಖ ತಗಲಬಾರದು. ಸೇನೆಯ ಹೊಸ ತೋಟೆಯ ಕುತ್ತಿಗೆಯಲ್ಲಿ ಕಾಣುವ ನೀಲಿ-ನೇರಳೆ ಛಾಯೆ ಕೊಳೆಯಲ್ಲ, ಹೀಗೆ ಕಾಯಿಸಿದ ಗುರುತು.